ಹಳೇ ಕಾರುಗಳ ಕಥೆ, ಭಾಗ 4: ಅಂಬಾಸಿಡರ್ ಗೆಲ್ಲುತ್ತಾ, ಪದ್ಮಿನಿ ಗೆಲ್ಲುತ್ತಾ?

ಕ್ಯಾಂಟೀನ್‌ನಲ್ಲಿ ಶುರುವಾದ ಜಗಳ ಇದು. ಅರ್ಧ ಗ್ಯಾಂಗ್ ಅಂಬಾಸಿಡರ್ ಕಡೆ, ಇನ್ನರ್ಧ ಪದ್ಮಿನಿ ಕಡೆ. ಬಾಯಿಮಾತಲ್ಲಿ ಬಗೆಹರಿಯಲಿಲ್ಲ. ಸರಿ, ಲೆಕ್ಕ ಹಾಕೇ ನೋಡೋಣ ಬನ್ನಿ.

ಮೊದಲ ಫೋಟೋ: ಅಂಬಾಸಿಡರ್. ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಿಂದೂಸ್ತಾನ್ ಮೋಟರ್ಸ್ ಇದನ್ನ 1950ರ ದಶಕದ ಕೊನೆಯಿಂದ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು.

ಎರಡನೇ ಫೋಟೋ: ಪದ್ಮಿನಿ. ಮೂಲ ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸ್ತಿತ್ತು. 1970ರ ದಶಕದಲ್ಲಿ ರಾಣಿ ಪದ್ಮಿನಿ ಹೆಸರಿಟ್ಟರು. ಆದ್ರೂ ಹಿರಿಯರ ಬಾಯಲ್ಲಿ ಅದು ಇವತ್ತಿಗೂ 'ಫಿಯೆಟ್ಟೇ'!

ಈಗ ಅಂಕಿ ನೋಡಿ.

▪️ ಎಂಜಿನ್: ಅಂಬಾಸಿಡರ್ 1489 ಸಿಸಿ, ಪದ್ಮಿನಿ 1089 ಸಿಸಿ
▪️ ಶಕ್ತಿ: ಸುಮಾರು 50 ಎಚ್‌ಪಿ, ಸುಮಾರು 40 ಎಚ್‌ಪಿ
▪️ ತೂಕ: ಸುಮಾರು 1100 ಕೆಜಿ, ಸುಮಾರು 900 ಕೆಜಿ
▪️ ಎರಡಕ್ಕೂ ನಾಲ್ಕೇ ಗೇರು, ಗೇರ್ ಹಿಡಿ ಸ್ಟೀರಿಂಗ್ ಪಕ್ಕದಲ್ಲಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು

10 ಎಚ್‌ಪಿ ಹೆಚ್ಚಿದೆ, ಅಂಬಾಸಿಡರ್ ಗೆದ್ದಂಗೇ ಅನ್ಸುತ್ತೆ ಅಲ್ವಾ? ತಡೀರಿ. ಶಕ್ತಿಯನ್ನ ತೂಕಕ್ಕೆ ಹಂಚಿ. ಪ್ರತಿ 100 ಕೆಜಿಗೆ ಎರಡಕ್ಕೂ ಸುಮಾರು 4.5 ಎಚ್‌ಪಿ. ಸಮ ಸಮ!

ಆದ್ರೆ ಐದು ಜನ, ಲಗೇಜು ಸೇರಿ 350 ಕೆಜಿ ಹೇರಿ ನೋಡಿ. ಅಂಬಾಸಿಡರ್ 3.4ಕ್ಕೆ ಇಳಿಯುತ್ತೆ, ಪದ್ಮಿನಿ 3.2ಕ್ಕೆ. ಭಾರ ಹೊತ್ತಾಗ ದೊಡ್ಡ ಎಂಜಿನ್ ಸ್ವಲ್ಪ ಕಡಿಮೆ ಬಳಲುತ್ತೆ. ಮದುವೆ ದಿಬ್ಬಣ, ಕೆಟ್ಟ ರಸ್ತೆ, ಮಂತ್ರಿಗಳ ಪ್ರವಾಸಕ್ಕೆ ಅಂಬಾಸಿಡರ್. ತಾವೇ ಓಡಿಸೋರಿಗೆ, ಇಕ್ಕಟ್ಟಿನ ಬೀದಿಗೆ ಹಗುರವಾದ ಪದ್ಮಿನಿ. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದು ದಶಕಗಟ್ಟಲೆ ದುಡಿದಿದ್ದೂ ಹೀಗೇ.

ಇಷ್ಟಕ್ಕೇ ಜಗಳ ಮುಗಿಸಬಹುದಿತ್ತು. ಆದ್ರೆ ಮೂರನೇ ಫೋಟೋ ನೋಡಿ: ಮಾರುತಿ 800. 1983ರ ಡಿಸೆಂಬರ್‌ನಲ್ಲಿ ಬಂತು. 796 ಸಿಸಿ, 40ಕ್ಕೂ ಕಡಿಮೆ ಎಚ್‌ಪಿ, ತೂಕ ಮಾತ್ರ ಸುಮಾರು 650 ಕೆಜಿ. ಅದೇ ಲೆಕ್ಕ ಹಾಕಿದ್ರೆ 100 ಕೆಜಿಗೆ ಸುಮಾರು 6 ಎಚ್‌ಪಿ! ಎಲ್ಲಕ್ಕಿಂತ ಚಿಕ್ಕ ಎಂಜಿನ್ನಿನ ಕಾರು ಇಬ್ಬರನ್ನೂ ಹಿಂದೆ ಹಾಕಿತು.

ಹಾಗಾದ್ರೆ ಇವೆರಡೂ ಅಷ್ಟು ವರ್ಷ ಯಾಕೆ ಬದಲಾಗಲಿಲ್ಲ? ಎಂಜಿನಿಯರುಗಳಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ಅದು ಲೈಸೆನ್ಸ್ ರಾಜ್ ಕಾಲ. ಯಾವ ಕಂಪನಿ ಎಷ್ಟು ಕಾರು ಮಾಡಬೇಕು ಅಂತ ಸರ್ಕಾರವೇ ಹೇಳ್ತಿತ್ತು. ಹೊರಗಿನ ಕಾರು ಬರೋದು ಹೆಚ್ಚುಕಮ್ಮಿ ಬಂದ್. ಜನ ದುಡ್ಡು ಕಟ್ಟಿ ವರ್ಷಗಟ್ಟಲೆ ಸರದಿ ಕಾಯ್ತಿದ್ರು. ಮಾಡಿದ್ದೆಲ್ಲ ಮಾರಾಟ ಆಗೋವಾಗ ಸುಧಾರಿಸೋ ಒತ್ತಡ ಎಲ್ಲಿಂದ ಬರಬೇಕು? ಅಂಬಾಸಿಡರ್‌ಗೆ 1.8 ಲೀಟರಿನ ಇಸುಜು ಎಂಜಿನ್, ಐದು ಗೇರು ಸಿಕ್ಕಿದ್ದು 1990ರ ದಶಕದಲ್ಲಿ, ಮಾರುತಿ ಬಂದ ಎಷ್ಟೋ ವರ್ಷದ ಮೇಲೆ. ಮಾರಿಸ್ ಆಕ್ಸ್‌ಫರ್ಡ್ 3 ಇಂಗ್ಲೆಂಡಿನಲ್ಲಿ 1959ಕ್ಕೇ ನಿಂತಿತ್ತು. ನಮ್ಮ ಅಂಬಾಸಿಡರ್ ನಿಂತಿದ್ದು 2014ರಲ್ಲಿ!

ನನ್ನ ತೀರ್ಪು: ಅಂಬಾಸಿಡರ್, ಪದ್ಮಿನಿ ಎರಡೂ ಡ್ರಾ. ಸೋತಿದ್ದು ಕ್ಯೂನಲ್ಲಿ ನಿಂತ ಗಿರಾಕಿ.

ಇವತ್ತು ಮನೇಲಿ ತಾತನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ: "ಆಗ ಕಾರಿಗೋ ಸ್ಕೂಟರಿಗೋ ಎಷ್ಟು ವರ್ಷ ಕಾದ್ರಿ?" ಉತ್ತರ ಕೆಳಗೆ ಬರೀರಿ. ಭಾಗ 5ರಲ್ಲಿ ಸಿಗೋಣ.

#ಹಳೇಕಾರುಗಳಕಥೆ #ಅಂಬಾಸಿಡರ್ #ಪದ್ಮಿನಿ