ಮಡಕೆಯಿಂದ ಬಿಯರ್ ಪೀಪಾಯಿಗೆ: ಮನೆಭಟ್ಟಿ ನಡೆದು ಬಂದ ದಾರಿ

ನ್ಯೂಜಿಲೆಂಡ್ ಸರ್ಕಾರ 1996ರಲ್ಲಿ ತನ್ನ ಸುಂಕ ಮತ್ತು ಅಬಕಾರಿ ಕಾಯ್ದೆಯನ್ನು ಹೊಸದಾಗಿ ಬರೆದಾಗ ಒಂದು ಹಳೆಯ ಅಪರಾಧ ಸದ್ದಿಲ್ಲದೆ ಅಳಿಸಿಹೋಯಿತು. ಸ್ವಂತ ಬಳಕೆಗೆ ಮನೆಯಲ್ಲೇ ಮದ್ಯ ಭಟ್ಟಿ ಇಳಿಸಿಕೊಳ್ಳಲು ಅಲ್ಲಿ ಅಂದಿನಿಂದ ಅಡ್ಡಿ ಇಲ್ಲ. ಪರವಾನಗಿ ಇಲ್ಲದೆ ಮಾರಿದರೆ ಮಾತ್ರ ತಪ್ಪು. ಅದುವರೆಗೆ ಗುಟ್ಟಾಗಿ ನಡೆಯುತ್ತಿದ್ದ ಕೆಲಸ ಹೀಗೆ ಹವ್ಯಾಸವಾಯಿತು. ಹವ್ಯಾಸಿಗಳ ಒಲೆಯ ಮೇಲೆ ಬಂದು ಕುಳಿತ ಪಾತ್ರೆಗಳಲ್ಲಿ ಒಂದು ಮಾತ್ರ ಕುತೂಹಲಕಾರಿಯಾದುದು. ಅದು ಮದ್ಯ ಬೇಯಿಸಲು ತಯಾರಾದ ಪಾತ್ರೆಯೇ ಅಲ್ಲ. ಕಾರ್ಖಾನೆಯಿಂದ ಅಂಗಡಿಗೆ ಬಿಯರ್ ಸಾಗಿಸುವ ಉಕ್ಕಿನ ಪೀಪಾಯಿ, ಅಂದರೆ ಕೆಗ್.

ಸಾಗಣೆಯ ಪೀಪಾಯಿ ಬಾಯ್ಲರ್ ಆಗಿ ಬದಲಾದದ್ದು ಕೇವಲ ಅಗ್ಗಕ್ಕೆ ಸಿಕ್ಕಿತೆಂಬ ಕಾರಣಕ್ಕಲ್ಲ. ಭಟ್ಟಿಯ ಇತಿಹಾಸವನ್ನು ನೋಡಿದರೆ, ಪಾತ್ರೆಯ ಆಕಾರವನ್ನೂ ಲೋಹವನ್ನೂ ನಿರ್ಧರಿಸಿದ್ದರಲ್ಲಿ ಬೆಂಕಿಯ ಪಾಲು ಎಷ್ಟೋ ತೆರಿಗೆ ಅಧಿಕಾರಿಯ ಪಾಲೂ ಅಷ್ಟೇ ಎಂಬುದು ಕಾಣುತ್ತದೆ. ಕುಡಿದವನು ಮರುದಿನ ಎದ್ದನೋ ಇಲ್ಲವೋ ಎಂಬುದೂ ಅನೇಕ ಸಲ ಈ ಪಾತ್ರೆಯನ್ನೇ ಅವಲಂಬಿಸಿತ್ತು.

ಹಂಡೆಯ ತತ್ವ

ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಅದರ ಒಳಮೈಯಿಂದ ತೊಟ್ಟಿಕ್ಕುವ ನೀರನ್ನು ನೋಡದವರಿಲ್ಲ. ಭಟ್ಟಿ ಇಳಿಸುವುದೆಂದರೆ ಇಷ್ಟೇ: ಕಾಯಿಸುವುದು, ಆವಿಯನ್ನು ಹಿಡಿಯುವುದು, ತಣಿಸಿ ಮತ್ತೆ ದ್ರವವಾಗಿಸುವುದು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಮದ್ಯಸಾರ ಸುಮಾರು 78 ಡಿಗ್ರಿಯಲ್ಲೇ ಕುದಿಯುತ್ತದೆ. ಆದ್ದರಿಂದ ಹುಳಿಸಿದ ಹಣ್ಣು, ಧಾನ್ಯ ಅಥವಾ ಬೆಲ್ಲದ ಕೊಳೆಯನ್ನು ಕಾಯಿಸಿದಾಗ ಮೊದಮೊದಲು ಬರುವ ಆವಿಯಲ್ಲಿ ನೀರಿಗಿಂತ ಮದ್ಯಸಾರದ ಪ್ರಮಾಣ ಹೆಚ್ಚಿರುತ್ತದೆ. ಅದನ್ನು ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯ ಮೂಲಕ ಹಾಯಿಸಿದರೆ ಆ ತುದಿಯಲ್ಲಿ ಹನಿ ಬೀಳತೊಡಗುತ್ತದೆ. ಅರಬ್ಬಿ ಭಾಷೆಯಲ್ಲಿ 'ಅರಕ್' ಎಂದರೆ ಬೆವರು. ಸಾರಾಯಿಗೆ ಇಂಗ್ಲಿಷಿನಲ್ಲಿ ಬಂದ 'ಆರ‍್ಯಾಕ್' ಎಂಬ ಹೆಸರಿನ ಮೂಲ ಇದೇ.

ಈ ಕೆಲಸಕ್ಕೆ ಉಕ್ಕಿನ ಪೀಪಾಯಿ ಒಗ್ಗಿದ್ದೇಕೆ? ಯುರೋಪಿನ ಸಾಮಾನ್ಯ ಕೆಗ್ 50 ಲೀಟರ್ ಹಿಡಿಯುತ್ತದೆ. ಅಮೆರಿಕದ 'ಹಾಫ್ ಬ್ಯಾರೆಲ್' ಸುಮಾರು 58 ಲೀಟರ್. ದಪ್ಪ ತಗಡು, ತುಕ್ಕು ಹಿಡಿಯದ ಲೋಹ, ಬಿಗಿಯಾದ ಬೆಸುಗೆ, ಮೇಲ್ಭಾಗದಲ್ಲಿ ಒಂದೇ ಒಂದು ಬಾಯಿ. ಒಳಗಿನ ಅನಿಲವನ್ನು ಪೂರ್ತಿ ಹೊರಬಿಟ್ಟು, ಆ ಬಾಯಲ್ಲಿ ಕೂತಿರುವ ಕವಾಟ ಮತ್ತು ತಳದವರೆಗೆ ಇಳಿದಿರುವ ಕೊಳವೆಯನ್ನು ತೆಗೆದರೆ ಸುಮಾರು ಎರಡು ಅಂಗುಲದ ರಂಧ್ರ ಉಳಿಯುತ್ತದೆ. ಹಾಲಿನ ಡೈರಿಗಳಲ್ಲಿ ಕೊಳವೆ ಜೋಡಿಸಲು ಬಳಸುವ ಬಗೆಯ ಪಟ್ಟಿಯಿಂದ ಅಲ್ಲಿ ತಾಮ್ರದ ಅಥವಾ ಉಕ್ಕಿನ ನೆಟ್ಟಗಿನ ಕೊಳವೆಯನ್ನು ಬಿಗಿಯಬಹುದು. ಇಂಥ ಒಂದೇ ಬಾಯಿಯ ಪೀಪಾಯಿಗೆ 'ಸ್ಯಾಂಕಿ ಕೆಗ್' ಎಂಬ ಹೆಸರಿದೆ. ಅದು ಒಂದು ಬ್ರಿಟಿಷ್ ಕಂಪನಿಯ ಹೆಸರು; ಬೆಂಗಳೂರಿನ ಸ್ಯಾಂಕಿ ಕೆರೆಗೂ ಅದಕ್ಕೂ ನಂಟಿಲ್ಲ.

ಇಲ್ಲಿ ಅಪಾಯವೂ ಇದೆ. ಕೆಗ್ ಇರುವುದೇ ಅನಿಲದ ಒತ್ತಡವನ್ನು ತಡೆದುಕೊಳ್ಳಲು. ಒತ್ತಡ ಪೂರ್ತಿ ಇಳಿಯುವ ಮೊದಲೇ ಕವಾಟ ಬಿಚ್ಚಿದರೆ ಅದು ಗುಂಡಿನಂತೆ ಹಾರುತ್ತದೆ. ಆವಿ ಹೊರಹೋಗುವ ದಾರಿ ಕಟ್ಟಿದ್ದಾಗ ಕೆಳಗೆ ಉರಿ ಹಚ್ಚಿದರೆ ಪೀಪಾಯಿಯೇ ಬಾಂಬ್. ಸೋರಿದ ಮದ್ಯಸಾರದ ಆವಿಗೆ ಒಲೆಯ ಕಿಡಿಯೊಂದೇ ಸಾಕು. ಇದಲ್ಲದೆ ಕೆಗ್ ಸಾಮಾನ್ಯವಾಗಿ ಬಿಯರ್ ಕಂಪನಿಯ ಆಸ್ತಿ. ಗಿರಾಕಿ ಠೇವಣಿ ಕಟ್ಟಿ ಒಯ್ಯುತ್ತಾನೆಯೇ ಹೊರತು ಕೊಂಡುಕೊಳ್ಳುವುದಿಲ್ಲ.

ಗಾಂಧಾರದ ಮಡಕೆ, ದೆಹಲಿಯ ಒಲೆ

ಭಟ್ಟಿಯ ಮೊದಲ ಪಾತ್ರೆ ಮಣ್ಣಿನದು. ಇಂದು ಪಾಕಿಸ್ತಾನದಲ್ಲಿರುವ ತಕ್ಷಶಿಲೆಯ ಉತ್ಖನನದಲ್ಲಿ ಮತ್ತು ಚಾರ್ಸದ್ದಾ ಬಳಿಯ ಶೈಖಾನ್ ಢೇರಿಯಲ್ಲಿ ಮಣ್ಣಿನ ಪಾತ್ರೆಗಳ ಒಂದು ಸಮೂಹ ಸಿಕ್ಕಿತು. ಸುಮಾರು ಎರಡು ಸಾವಿರ ವರ್ಷ ಹಿಂದಿನ ಈ ಪಾತ್ರೆಗಳು ಭಟ್ಟಿಯ ಸಲಕರಣೆಗಳೇ ಎಂದು ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1979ರಲ್ಲಿ ವಾದಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೆ ಒಲೆಯ ಮೇಲೊಂದು ಮಡಕೆ, ಅದಕ್ಕೊಂದು ತಲೆ, ಓರೆಯಾದ ಕೊಳವೆ, ನೀರಿನಲ್ಲಿ ಕುಳಿತ ಇನ್ನೊಂದು ಮಡಕೆ ಎಂಬ ಆ ಜೋಡಣೆ ನಮ್ಮ ನೆರೆಯ ಗೋವಾದವರಿಗೆ ಹೊಸದಲ್ಲ. ಗೇರುಹಣ್ಣಿನ ಫೆನ್ನಿ ಇಳಿಸುವ 'ಭಾಣ' ಮತ್ತು ಹನಿ ಹಿಡಿಯುವ 'ಲವ್ಣಿ' ಇದೇ ಕುಲಕ್ಕೆ ಸೇರಿದವು.

ಮನೆಭಟ್ಟಿ ಮತ್ತು ಸರ್ಕಾರದ ಜಗಳಕ್ಕೆ ಭಾರತದಲ್ಲಿ ಸಿಗುವ ಹಳೆಯ ದಾಖಲೆಗಳಲ್ಲೊಂದು ದೆಹಲಿಯದು. 1296ರಿಂದ 1316ರವರೆಗೆ ಆಳಿದ ಅಲಾವುದ್ದೀನ್ ಖಿಲ್ಜಿ, ಕುಡಿತದ ಕೂಟಗಳಲ್ಲೇ ದಂಗೆಯ ಸಂಚು ಹುಟ್ಟುತ್ತದೆಂದು ನಂಬಿ ಪಾನನಿಷೇಧ ಹೇರಿದ. ಅರಮನೆಯ ಮದ್ಯವನ್ನು ಬದಾಯೂಂ ದ್ವಾರದ ಬಳಿ ಸುರಿಸಿದಾಗ ಅಲ್ಲಿ ಮಳೆಗಾಲದ ಕೆಸರಿನಂತಾಯಿತೆಂದು ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆದಿದ್ದಾನೆ. ಆದರೂ ಜನ ಮನೆಗಳಲ್ಲಿ ಭಟ್ಟಿ ಇಳಿಸಿದರು. ಚರ್ಮದ ಚೀಲಗಳಲ್ಲಿ ತುಂಬಿ ಹುಲ್ಲು ಮತ್ತು ಸೌದೆಯ ಹೊರೆಗಳ ನಡುವೆ ಅಡಗಿಸಿ ಊರೊಳಗೆ ತಂದರು. ಸಿಕ್ಕಿಬಿದ್ದವರನ್ನು ಅದೇ ದ್ವಾರದ ಬಳಿ ತೋಡಿದ ಗುಂಡಿಗಳಿಗೆ ತಳ್ಳಲಾಯಿತು. ಹಲವರು ಅಲ್ಲೇ ಸತ್ತರು.

ಕೊನೆಗೆ ಸುಲ್ತಾನನೇ ಸಡಿಲಿಸಿದ. ಯಾರಾದರೂ ತಮ್ಮ ಮನೆಯಲ್ಲಿ ಇಳಿಸಿ, ಬಾಗಿಲು ಹಾಕಿಕೊಂಡು ಒಬ್ಬರೇ ಕುಡಿದರೆ, ಕೂಟ ಸೇರಿಸದೆ, ಮಾರದೆ ಇದ್ದರೆ, ಗೂಢಚಾರರು ಅಂಥವರ ತಂಟೆಗೆ ಹೋಗಬಾರದೆಂದು ಆಜ್ಞೆಯಾಯಿತು. ಏಳು ಶತಮಾನಗಳ ಬಳಿಕ ನ್ಯೂಜಿಲೆಂಡ್ ಬಂದು ನಿಂತದ್ದು ಹೆಚ್ಚುಕಡಿಮೆ ಇದೇ ಜಾಗಕ್ಕೆ. ಕಬ್ಬಿನ ಮದ್ಯ ಇಳಿಸುವ ಮೂರು ವಿಧಾನಗಳನ್ನು ಅಕ್ಬರನ ಕಾಲದ 'ಐನ್-ಇ-ಅಕ್ಬರಿ' ಯಾವ ಸಂಕೋಚವೂ ಇಲ್ಲದೆ ವಿವರಿಸುತ್ತದೆ ಎಂಬುದೂ ಗಮನಾರ್ಹ.

ತೆರಿಗೆ ತಿದ್ದಿದ ಪಾತ್ರೆ

ಪಾತ್ರೆಯ ಆಕಾರವನ್ನು ಕಾನೂನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಸ್ಕಾಟ್‌ಲೆಂಡ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಲ್ಲಿ 18ನೇ ಶತಮಾನದ ಕೊನೆಯಲ್ಲಿ ತೆರಿಗೆಯನ್ನು ಇಳಿಸಿದ ಮದ್ಯದ ಮೇಲಲ್ಲ, ಪಾತ್ರೆ ಎಷ್ಟು ಹಿಡಿಯುತ್ತದೆ ಎಂಬುದರ ಮೇಲೆ ಹಾಕಲಾಯಿತು. ಭಟ್ಟಿದಾರರು ಕೂಡಲೇ ಉಪಾಯ ಕಂಡುಕೊಂಡರು. ತಳ ಅಗಲವಾಗಿ, ಎತ್ತರ ಕಡಿಮೆಯಾಗಿ, ದೋಸೆಯ ಕಾವಲಿಯನ್ನು ನೆನಪಿಸುವ ಪಾತ್ರೆಗಳು ಬಂದವು. ಅವು ಕೆಲವೇ ನಿಮಿಷಗಳಲ್ಲಿ ಕುದಿದು ಬರಿದಾಗುತ್ತಿದ್ದವು. ಅದೇ ಗಾತ್ರಕ್ಕೆ, ಅದೇ ತೆರಿಗೆಗೆ ಹಲವು ಪಟ್ಟು ಮದ್ಯ ಹುಟ್ಟಿತು. ಅವಸರದಲ್ಲಿ ಇಳಿದ ಆ ಮದ್ಯದ ರುಚಿ ಮಾತ್ರ ಕೆಟ್ಟಿತು.

1814ರಲ್ಲಿ ಸ್ಕಾಟ್‌ಲೆಂಡ್‌ನ ಮಲೆನಾಡಿನಲ್ಲಿ 500 ಗ್ಯಾಲನ್‌ಗಿಂತ ಚಿಕ್ಕ ಪಾತ್ರೆಗಳನ್ನು ನಿಷೇಧಿಸಲಾಯಿತು. ಅಷ್ಟು ದೊಡ್ಡದನ್ನು ತುಂಬಿಸುವ ಧಾನ್ಯ ಸಣ್ಣ ರೈತನ ಬಳಿ ಎಲ್ಲಿತ್ತು? ಕಣಿವೆಗಳು ಕಳ್ಳಭಟ್ಟಿಗಳಿಂದ ತುಂಬಿದವು. 1823ರ ಅಬಕಾರಿ ಕಾಯ್ದೆ ಪಾತ್ರೆಯ ಕನಿಷ್ಠ ಗಾತ್ರವನ್ನು 40 ಗ್ಯಾಲನ್ ಎಂದಿಟ್ಟು ಪರವಾನಗಿ ಶುಲ್ಕವನ್ನು 10 ಪೌಂಡ್ ಎಂದು ಗೊತ್ತುಮಾಡಿ, ಸುಂಕವನ್ನೂ ತಗ್ಗಿಸಿದ ಮೇಲೆ ಅನೇಕ ಕಳ್ಳಭಟ್ಟಿದಾರರು ಕಾನೂನಿನೊಳಗೆ ಬಂದರು. ಇಂದಿನ ವಿಸ್ಕಿ ಉದ್ಯಮದ ಅಡಿಪಾಯ ಇಲ್ಲಿದೆ. ಹವ್ಯಾಸಿಯ 50 ಲೀಟರಿನ ಕೆಗ್ ಆ 40 ಗ್ಯಾಲನ್ ಮಿತಿಯ ಕಾಲು ಭಾಗಕ್ಕಿಂತ ತುಸು ದೊಡ್ಡದು, ಅಷ್ಟೆ.

ಅಟ್ಲಾಂಟಿಕ್ ಸಾಗರದ ಆಚೆಗೂ ಇದೇ ಜಗಳ ಹೋಯಿತು. ಅಮೆರಿಕ ಸರ್ಕಾರ 1791ರಲ್ಲಿ ವಿಸ್ಕಿಗೆ ತೆರಿಗೆ ಹಾಕಿದಾಗ ಪಶ್ಚಿಮ ಪೆನ್ಸಿಲ್ವೇನಿಯದ ರೈತರು ಸಿಡಿದೆದ್ದರು. 1794ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸೈನ್ಯ ಕಳುಹಿಸಬೇಕಾಯಿತು. 1802ರಲ್ಲಿ ರದ್ದಾದ ತೆರಿಗೆ ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಮರಳಿತು. ಅನಂತರ 1920ರಿಂದ 1933ರವರೆಗೆ ಪಾನನಿಷೇಧ. ಬೆಟ್ಟಗಾಡಿನ ಭಟ್ಟಿದಾರ ರಾತ್ರಿ ಕೆಲಸಕ್ಕೆ ಇಳಿದ. ಅವನ ಸರಕಿಗೆ 'ಮೂನ್‌ಶೈನ್' ಎಂಬ ಹೆಸರು ಅಂಟಿತು.

ಗುಟ್ಟಿನ ಬೆಲೆ

ಭಟ್ಟಿಗೆ ಮೆಚ್ಚಿನ ಲೋಹ ತಾಮ್ರ. ನಮ್ಮ ಬಚ್ಚಲೊಲೆಯ ಹಂಡೆ ತಾಮ್ರದ್ದಾದುದೇಕೋ ಇದೂ ಅದಕ್ಕೇ: ಶಾಖ ಬೇಗ ಹರಡುತ್ತದೆ, ಬಡಿದು ಬೇಕಾದ ಆಕಾರಕ್ಕೆ ತರಬಹುದು. ಇನ್ನೊಂದು ಗುಣವೂ ಇದೆ. ಹುಳಿಸುವಾಗ ಹುಟ್ಟುವ ಗಂಧಕದ ದುರ್ವಾಸನೆಯನ್ನು ತಾಮ್ರ ಹೀರಿಕೊಳ್ಳುತ್ತದೆ. ಆದರೆ ತಾಮ್ರ ದುಬಾರಿ. ದಾಳಿಯಲ್ಲಿ ಅಧಿಕಾರಿಗಳು ಪಾತ್ರೆಯನ್ನು ಕೊಡಲಿಯಿಂದ ಕಡಿದು ಹೋದರೆ ಬಂಡವಾಳವೇ ಹೋಯಿತು. ಆದ್ದರಿಂದ ಕಳ್ಳಭಟ್ಟಿದಾರ ಕಳೆದುಕೊಂಡರೂ ನಷ್ಟವಾಗದಂಥ ಸಾಮಾನು ಹುಡುಕಿದ. ಎಣ್ಣೆಯ ಡ್ರಮ್, ಸತುವಿನ ಲೇಪದ ತಗಡು, ಆವಿ ತಣಿಸಲು ಹಳೆಯ ಮೋಟಾರಿನ ರೇಡಿಯೇಟರ್.

ಆ ರೇಡಿಯೇಟರಿನ ಬೆಸುಗೆಯಲ್ಲಿ ಸೀಸವಿತ್ತು. ಮದ್ಯದೊಂದಿಗೆ ಸೀಸ ಕರಗಿ ಕುಡಿದವರ ಮೈ ಸೇರಿತು. ಹೊಟ್ಟೆನೋವು, ರಕ್ತಹೀನತೆ, ಮೂತ್ರಪಿಂಡದ ವೈಫಲ್ಯ, ಕೀಲುನೋವು ಇವೆಲ್ಲ ಹೊತ್ತು ಬಂದ ರೋಗಿಗಳನ್ನು ಅಮೆರಿಕದ ದಕ್ಷಿಣ ರಾಜ್ಯಗಳ ವೈದ್ಯರು ದಶಕಗಳ ಕಾಲ ಕಂಡರು. ಕಲೆ ಹಳೆಯದೇ, ಬೆಂಕಿಯೂ ಹಳೆಯದೇ. ವಿಷ ಬಂದದ್ದು ಅಡಗಿಸಿಟ್ಟ ಪಾತ್ರೆಯಿಂದ.

ಶೆಫೀಲ್ಡ್‌ನ ಹ್ಯಾರಿ ಬ್ರೇರ್ಲಿ 1913ರಲ್ಲಿ ತಯಾರಿಸಿದ ತುಕ್ಕು ಹಿಡಿಯದ ಉಕ್ಕು ಈ ಕಥೆಗೆ ಪ್ರವೇಶಿಸುವುದು ಇಲ್ಲಿ. ಎರಡನೇ ಮಹಾಯುದ್ಧದ ನಂತರ ಮರದ ಪೀಪಾಯಿಯನ್ನು ಬದಿಗೊತ್ತಿ ಲೋಹದ ಕೆಗ್ ಬಂತು. ಸೀಸವಿಲ್ಲ, ಕಲಾಯಿ ಬೇಕಿಲ್ಲ, ಕಿಲುಬು ಕಟ್ಟುವುದಿಲ್ಲ, ಹುಳಿಗೆ ಜಗ್ಗುವುದಿಲ್ಲ. ಗಂಧಕವನ್ನು ಹೀರುವ ಗುಣ ಮಾತ್ರ ಉಕ್ಕಿಗಿಲ್ಲ. ಅದಕ್ಕಾಗಿ ಕೆಗ್ ಬಳಸುವ ಹವ್ಯಾಸಿಗಳು ಮೇಲಿನ ಕೊಳವೆಯೊಳಗೆ ತಾಮ್ರದ ಜಾಲರಿ ತುರುಕುವುದುಂಟು. ಹೀಗೆ ಅಜ್ಜನ ತಾಮ್ರ ಮೊಮ್ಮಗನ ಉಕ್ಕಿನೊಳಗೂ ಉಳಿದುಕೊಂಡಿದೆ.

ಬೆಂಗಳೂರಿನ ನೆನಪು

ಭಟ್ಟಿಯ ಮಾತೆತ್ತಿದರೆ ಕರ್ನಾಟಕದಲ್ಲಿ ಮೊದಲು ನೆನಪಾಗುವುದು ಸಾವು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಬಡವರು. ಅವರನ್ನು ಕೊಂದದ್ದು ಮೀಥೈಲ್ ಮದ್ಯಸಾರ. ಬಣ್ಣ, ವಾಸನೆಗಳಲ್ಲಿ ಕುಡಿಯುವ ಮದ್ಯಸಾರವನ್ನೇ ಹೋಲುವ ಇದು ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಬದಲಾಗಿ ಮೊದಲು ಕಣ್ಣನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ.

ಬೆಲ್ಲ, ಧಾನ್ಯಗಳನ್ನು ಹುಳಿಸಿ ಇಳಿಸಿದಾಗ ಮೀಥೈಲ್ ಮದ್ಯಸಾರ ಹುಟ್ಟುವುದು ಅತ್ಯಲ್ಪ. ಹಣ್ಣಿನಲ್ಲಿ ತುಸು ಹೆಚ್ಚು. ನೂರಾರು ಜನರನ್ನು ಒಟ್ಟಿಗೆ ಬಲಿ ತೆಗೆದುಕೊಳ್ಳುವ ದುರಂತಗಳ ಹಿಂದೆ ಸಾಮಾನ್ಯವಾಗಿ ಇರುವುದು ಕಾರ್ಖಾನೆಯ ಉಪಯೋಗಕ್ಕೆಂದು ತಯಾರಾದ ಮೀಥೈಲ್ ಮದ್ಯಸಾರ. ತೆರಿಗೆ ಇಲ್ಲದ ಆ ಅಗ್ಗದ ಸರಕನ್ನು ಯಾರೋ ಕದ್ದು ಸಾರಾಯಿಗೆ ಬೆರೆಸಿರುತ್ತಾರೆ. ಅಂದರೆ ಅಲ್ಲಿ ತಪ್ಪು ಮಾಡಿದ್ದು ಒಲೆಯಲ್ಲ, ಲಾಭಕ್ಕಾಗಿ ಬೆರೆಸಿದ ಕೈ. ಹಾಗೆಂದು ಹಳ್ಳಿಯ ಕಳ್ಳಭಟ್ಟಿ ನಿರಪಾಯಕಾರಿಯೆಂದು ತಿಳಿಯಬೇಕಿಲ್ಲ. ಕೊಳೆಗೆ ನವಸಾಗರದಂಥ ವಸ್ತುಗಳನ್ನು ಸೇರಿಸುವುದುಂಟು. ಪಾತ್ರೆ ಯಾವುದು, ಅದರಲ್ಲಿ ಮೊದಲು ಏನಿತ್ತು ಎಂದು ಕೊಳ್ಳುವವನಿಗೆ ತಿಳಿಯುವ ದಾರಿಯೇ ಇಲ್ಲ.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆ ಬಳಕೆಗೆಂದರೂ ಕೆಗ್ ಇಲ್ಲಿ ಒಲೆ ಏರುವಂತಿಲ್ಲ. ಸರ್ಕಾರದ ಸಾರಾಯಿ ಮಾರಾಟವೂ 2007ರ ಜುಲೈ 1ರಿಂದ ನಿಂತಿತು. ಅತ್ತ ಗೋವಾದ ಗೇರು ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಮೆರಿಕ 1978ರಲ್ಲಿ ಮನೆಯಲ್ಲಿ ಬಿಯರ್ ತಯಾರಿಸಲು ಬಿಟ್ಟರೂ ಭಟ್ಟಿಗೆ ಬಿಡಲಿಲ್ಲ. 2024ರ ಜುಲೈನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಈ ನಿಷೇಧ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತರು. ಅದರ ಫಲ ಹವ್ಯಾಸಿಗಳ ಒಂದು ಸಂಘದ ಸದಸ್ಯರಿಗಷ್ಟೇ ಸೀಮಿತವಾಗಿತ್ತು.

ನಿಷೇಧ ಬೇಕೇ ಬೇಡವೇ ಎಂಬುದು ಆಯಾ ಸಮಾಜ ತೀರ್ಮಾನಿಸಬೇಕಾದ ಮಾತು. ಕುಡಿತದಿಂದ ಹಾಳಾದ ಮನೆಗಳ ಹೆಣ್ಣುಮಕ್ಕಳು ಸಾರಾಯಿ ಅಂಗಡಿ ಮುಚ್ಚಿಸಲು ಬೀದಿಗಿಳಿದದ್ದನ್ನು ಮರೆತು ಅದನ್ನು ತೀರ್ಮಾನಿಸಲಾಗದು. ಪಾತ್ರೆಗಳ ಇತಿಹಾಸ ಹೇಳುವುದು ಬೇರೆಯೇ ಒಂದು ಸಂಗತಿ. ಭಟ್ಟಿ ಬೆಳಕಿನಲ್ಲಿದ್ದಾಗ ಅದರ ಲೋಹ, ಬೆಸುಗೆ, ಕವಾಟಗಳನ್ನು ನಾಲ್ಕು ಜನ ನೋಡುತ್ತಾರೆ, ತಪ್ಪಿದ್ದರೆ ಹೇಳುತ್ತಾರೆ. ಅದೇ ಕತ್ತಲಿಗೆ ಸರಿದರೆ ಕೈಗೆ ಸಿಕ್ಕ ಡಬ್ಬವೇ ಬಾಯ್ಲರ್. ಖಿಲ್ಜಿಯ ದೆಹಲಿಯಲ್ಲಿ ಹುಲ್ಲಿನ ಹೊರೆಯೊಳಗೆ ಬಂದ ಚರ್ಮದ ಚೀಲದಲ್ಲಿ ಏನಿದೆಯೆಂದು ಕುಡಿಯುವವನಿಗೆ ಗೊತ್ತಿರಲಿಲ್ಲ. 1981ರಲ್ಲಿ ಲೋಟ ಎತ್ತಿದ ಬೆಂಗಳೂರಿನ ಕೂಲಿಯವನಿಗೂ ಗೊತ್ತಿರಲಿಲ್ಲ.