ಪುಟ್ಟ ಪ್ರಾಂತ್ಯಗಳ ಕಥೆ, ಭಾಗ 6: ಕೊತ್ತಿಯಸ್‌ನ ಆಲ್ಪ್ಸ್

ಮೊದಲ ಫೋಟೋದಲ್ಲಿರೋ ಕಮಾನು ನೋಡಿ. ಇದು ಇಟಲಿಯ ಸೂಸಾ ಅನ್ನೋ ಊರಲ್ಲಿದೆ. ಟೂರಿನ್‌ನಿಂದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ., ಫ್ರಾನ್ಸ್ ಗಡಿ ಹತ್ತಿರ. ರೋಮನ್ ಕಮಾನು ಅಂದ್ರೆ ನಮ್ಮ ಕಣ್ಣಿಗೆ ಬರೋದು ಗೆದ್ದವನ ರಥ, ಸಂಕೋಲೆ ಹಾಕಿದ ಕೈದಿಗಳು. ಇಲ್ಲಿ ಅದ್ಯಾವುದೂ ಇಲ್ಲ. ಹಂದಿ, ಕುರಿ, ಹೋರಿಯನ್ನ ಬಲಿಗೆ ಕರ್ಕೊಂಡು ಹೋಗೋ ದೃಶ್ಯ ಇದೆ. ಯಾಕಂದ್ರೆ ಇದನ್ನ ಕಟ್ಟಿಸಿದ್ದು ಗೆದ್ದವನಲ್ಲ, ತಲೆಬಾಗಿದವನು.

ಅವನ ಹೆಸರು ಕೊತ್ತಿಯಸ್. ಅಪ್ಪ ದೊನ್ನಸ್, ಈ ಕಣಿವೆಗಳ ರಾಜ. ರಾಜ್ಯ ಚಿಕ್ಕದು, ಆದರೆ ಇಟಲಿಯಿಂದ ಗಾಲ್‌ಗೆ (ಇವತ್ತಿನ ಫ್ರಾನ್ಸ್) ಹೋಗೋ ದಾರಿ ಅವರ ಮನೆ ಅಂಗಳದಲ್ಲೇ ಹಾದು ಹೋಗ್ತಿತ್ತು. ಸುಮಾರು 1,850 ಮೀಟರ್ ಎತ್ತರದ ಮೊಂಜೆನೆವ್ರ್ ಕಣಿವೆದಾರಿ. ಆ ದಾರಿ ಕೈಯಲ್ಲಿದ್ದವರನ್ನ ರೋಮ್ ಸುಮ್ಮನೆ ಬಿಡೋ ಹಾಗಿರಲಿಲ್ಲ. ಕ್ರಿ.ಪೂ. 58ರಲ್ಲಿ ಜೂಲಿಯಸ್ ಸೀಸರ್ ಐದು ಲೀಜನ್ ಕಟ್ಕೊಂಡು ಆಲ್ಪ್ಸ್ ದಾಟುವಾಗ ಬೆಟ್ಟದ ಮೂರು ಬುಡಕಟ್ಟುಗಳು ಎತ್ತರದ ಜಾಗ ಹಿಡಿದು ಅಡ್ಡಗಟ್ಟಿದವು ಅಂತ ಅವನೇ ಬರೆದಿದ್ದಾನೆ. ಆಚೆ ಕಡೆ ಮುಟ್ಟೋದಕ್ಕೆ ಏಳನೇ ದಿನ ಆಯ್ತು. ಆ ಮೂರರಲ್ಲಿ ಒಂದು ಕತುರಿಗೆಸ್. ಈ ಹೆಸರು ನೆನಪಿಟ್ಕೊಳ್ಳಿ.

ಮುಂದೆ ಅಗಸ್ಟಸ್‌ನ ಕಾಲ. ಆಲ್ಪ್ಸ್ ಬೆಟ್ಟದ ಜನರನ್ನ ಒಬ್ಬೊಬ್ಬರಾಗಿ ಬಡಿದು ಹಾಕ್ತಾ ಬಂದರು. ಕೊತ್ತಿಯಸ್ ಬಹಳ ದಿನ ಇಕ್ಕಟ್ಟಾದ ಕಣಿವೆಗಳಲ್ಲಿ ಅಡಗಿ ಕೂತಿದ್ದ, ಕೊನೆಗೆ ಬಿಗುಮಾನ ಬಿಟ್ಟು ಅಗಸ್ಟಸ್‌ನ ಗೆಳೆಯನಾದ ಅಂತಾನೆ ನಾಲ್ಕನೇ ಶತಮಾನದ ಇತಿಹಾಸಕಾರ ಅಮ್ಮಿಯಾನಸ್. ಗೆಳೆತನದ ಕಾಣಿಕೆಯಾಗಿ ಬೆಟ್ಟದಲ್ಲಿ ರಸ್ತೆ ಮಾಡಿಸಿಕೊಟ್ಟ. ಪ್ರತಿಯಾಗಿ ಆಳ್ವಿಕೆ ಉಳೀತು.

ಆದರೆ ಎಷ್ಟು ಉಳೀತು? ಎರಡನೇ ಫೋಟೋ, ಕಮಾನಿನ ಮೇಲಿನ ಬರಹ. ಕ್ರಿ.ಪೂ. 9-8ರದ್ದು. ಅದರಲ್ಲಿ ಅವನ ಹೆಸರು ‘ರಾಜ ದೊನ್ನಸ್‌ನ ಮಗ ಮಾರ್ಕಸ್ ಜೂಲಿಯಸ್ ಕೊತ್ತಿಯಸ್’. ರಾಜ ಅನ್ನೋ ಪದ ಅಪ್ಪನಿಗೆ ಮಾತ್ರ! ಮಗ ಬರೀ ‘ಪ್ರಿಫೆಕ್ಟ್’, ಅಂದ್ರೆ ರೋಮ್ ನೇಮಿಸಿದ ಅಧಿಕಾರಿ. ಮನೆತನದ ಹೆಸರಿಗೂ ‘ಜೂಲಿಯಸ್’ ಸೇರಿಕೊಂಡಿದೆ, ಅದು ರೋಮನ್ ಪೌರತ್ವದ ಗುರುತು. ಕೆಳಗೆ ಅವನ ಕೈಕೆಳಗಿನ 14 ಬುಡಕಟ್ಟುಗಳ ಹೆಸರು. ನನಗೇನೋ ಇಡೀ ಕಮಾನಿನಲ್ಲಿ ಆ ಒಂದು ಸಾಲೇ ಎಲ್ಲಕ್ಕಿಂತ ಜೋರಾಗಿ ಮಾತಾಡುತ್ತೆ.

ಈಗ ಮೂರನೇ ಫೋಟೋ. ಮೊನಾಕೊ ಪಕ್ಕದ ಲಾ ತುರ್ಬಿಯಲ್ಲಿ ಒಂದೆರಡು ವರ್ಷದಲ್ಲೇ ಎದ್ದ ವಿಜಯ ಸ್ಮಾರಕ. ಅಗಸ್ಟಸ್ ‘ಸೋಲಿಸಿದ’ ನಲವತ್ತಕ್ಕೂ ಹೆಚ್ಚು ಆಲ್ಪ್ಸ್ ಬುಡಕಟ್ಟುಗಳ ಪಟ್ಟಿ ಅದರಲ್ಲಿತ್ತು. ಪ್ಲಿನಿ ಆ ಪಟ್ಟಿಯನ್ನ ಪೂರ್ತಿ ಬರೆದಿಟ್ಟಿದ್ದಾನೆ. ಕೊತ್ತಿಯಸ್‌ನ ಜನ ಶತ್ರುಗಳಾಗಿರಲಿಲ್ಲ, ಅದಕ್ಕೇ ಅವರ ಹೆಸರು ಸೇರಿಸಿಲ್ಲ ಅಂತಲೂ ಹೇಳ್ತಾನೆ. ಸರಿ ಅಂತ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಕತುರಿಗೆಸ್ ಎರಡರಲ್ಲೂ ಇದೆ! ಮೆದುಲ್ಲಿಯೂ ಇದೆ! ಅಂದ್ರೆ ಕೊತ್ತಿಯಸ್‌ನ ‘ಶಾಂತಿಯ’ ರಾಜ್ಯದಲ್ಲಿ ಹೊಡೆದಾಡಿ ಸೋತವರೂ ಇದ್ದರು. ಅವರನ್ನ ರೋಮ್ ಅವನ ಕೈಗೆ ಒಪ್ಪಿಸಿರಬಹುದು ಅಂತ ನನ್ನ ಊಹೆ. ಹಾಗಿದ್ರೆ ಆ ಕಮಾನು ನೋಡಿ ಅವರಿಗೆ ಏನನ್ನಿಸಿರಬೇಕು?

ಈ ಗೆಳೆತನಕ್ಕೆ ಬೆಲೆಯೂ ಇತ್ತು. ಟೈಬೀರಿಯಸ್ ಕಾಲದಲ್ಲಿ ಪೊಲ್ಲೆನ್ಸಿಯಾ ಊರಿನ ಜನ ಒಬ್ಬ ಸೇನಾಧಿಕಾರಿಯ ಶವಯಾತ್ರೆ ತಡೆದು, ಗ್ಲಾಡಿಯೇಟರ್ ಆಟಕ್ಕೆ ಅಂತ ವಾರಸುದಾರರಿಂದ ದುಡ್ಡು ಕಿತ್ತುಕೊಂಡರು. ಅವರನ್ನ ಅಡಗಿಸೋಕೆ ಚಕ್ರವರ್ತಿ ಒಂದು ಪಡೆ ರೋಮ್‌ನಿಂದ ಕಳಿಸಿದ, ಇನ್ನೊಂದು ಕೊತ್ತಿಯಸ್‌ನ ರಾಜ್ಯದಿಂದ. ಊರಿನ ಬಹುಪಾಲು ಜನರಿಗೆ ಜೀವಾವಧಿ ಸೆರೆ.

ಕ್ರಿ.ಶ. 44ರಲ್ಲಿ ಕ್ಲಾಡಿಯಸ್ ಇದೇ ಮನೆತನದ ಇನ್ನೊಬ್ಬ ಕೊತ್ತಿಯಸ್‌ಗೆ ರಾಜ ಪದವಿ ವಾಪಸ್ ಕೊಟ್ಟ, ಒಂದಿಷ್ಟು ನೆಲಾನೂ ಸೇರಿಸಿದ. ಖುಷಿ ಬಹಳ ದಿನ ಇರಲಿಲ್ಲ. ಆ ಕೊತ್ತಿಯಸ್ ತೀರಿಕೊಂಡಾಗ ನೀರೋ ರಾಜ್ಯವನ್ನ ಪ್ರಾಂತ್ಯ ಮಾಡಿಬಿಟ್ಟ. ಹೆಸರು ‘ಆಲ್ಪೆಸ್ ಕೊತ್ತಿಯೇ’, ರಾಜಧಾನಿ ಸೆಗುಸಿಯೋ, ಅದೇ ಇವತ್ತಿನ ಸೂಸಾ. ಗಾಲ್ ಕಡೆಯ ಸರಕಿಗೆ ಇಲ್ಲಿ ನಲವತ್ತರಲ್ಲೊಂದು ಪಾಲು, ಅಂದ್ರೆ 2.5% ಸುಂಕ. ಎರಡು ಸಾವಿರ ವರ್ಷ ಹಿಂದಿನ ಟೋಲ್ ಗೇಟ್ ಅನ್ನಿ.

ಆ ರಸ್ತೇಲಿ ಹೋಗೋದು ಹೇಗಿತ್ತು ಅನ್ನೋದನ್ನೂ ಅಮ್ಮಿಯಾನಸ್ ಬರೆದಿದ್ದಾನೆ. ಇಟಲಿ ಕಡೆಯ ಇಳಿಜಾರಿನಲ್ಲಿ ಗಾಡಿ ಜಾರದ ಹಾಗೆ ದಪ್ಪ ಹಗ್ಗ ಕಟ್ಟಿ, ಹಿಂದಿನಿಂದ ಆಳುಗಳೋ ಎತ್ತುಗಳೋ ಎಳೆದು ಹಿಡೀತಾ ಇಳಿಸ್ತಿದ್ದರು. ಚಳಿಗಾಲದಲ್ಲಿ ಹಿಮದೊಳಗೆ ದಾರಿ ಗೊತ್ತಾಗಲಿ ಅಂತ ಸ್ಥಳೀಯರು ಮರದ ಗೂಟ ನೆಡ್ತಿದ್ದರು. ಗೂಟವೂ ಮುಚ್ಚಿಹೋದ್ರೆ ಅವರನ್ನೇ ಮುಂದೆ ಬಿಟ್ಕೊಂಡು ಹೋಗಬೇಕು. (2006ರ ಚಳಿಗಾಲದ ಒಲಿಂಪಿಕ್ಸ್‌ನ ಸ್ಕೀ ಸ್ಪರ್ಧೆಗಳು ಇದೇ ಬೆಟ್ಟಗಳಲ್ಲಿ ನಡೆದಿದ್ದು.)

ಅಮ್ಮಿಯಾನಸ್ ಇನ್ನೊಂದು ಮಾತು ಹೇಳ್ತಾನೆ. ಕೊತ್ತಿಯಸ್ ಸತ್ತು ಮುನ್ನೂರು ವರ್ಷ ದಾಟಿದ ಮೇಲೂ ಸೂಸಾ ಗೋಡೆಯ ಹತ್ತಿರ ಅವನ ಸಮಾಧಿ ಇತ್ತು, ಅವನ ಆತ್ಮವನ್ನ ಜನ ಭಕ್ತಿಯಿಂದ ಪೂಜಿಸ್ತಿದ್ದರು. ನ್ಯಾಯವಾಗಿ ಆಳಿದ ಅನ್ನೋದು ಒಂದು ಕಾರಣ, ರೋಮ್ ಜೊತೆ ಸೇರಿ ತನ್ನ ಜನಕ್ಕೆ ಶಾಂತಿ ತಂದ ಅನ್ನೋದು ಇನ್ನೊಂದು. ಆ ಜನರ ಲೆಕ್ಕದಲ್ಲಿ ಅವನು ಹೇಡಿ ಅಲ್ಲ. ಕತುರಿಗೆಸ್ ಜನರನ್ನ ಯಾರೂ ಕೇಳಿ ಬರೆದಿಟ್ಟಿಲ್ಲ.

ನಿಮ್ಮ ಲೆಕ್ಕದಲ್ಲಿ? ಕಾಮೆಂಟ್‌ನಲ್ಲಿ ಜಗಳ ಶುರು ಮಾಡಿ. ಭಾಗ 7ರಲ್ಲಿ ಪಕ್ಕದ ಪುಟ್ಟ ಪ್ರಾಂತ್ಯ, ಕಡಲಿಗೆ ಮುಖ ಮಾಡಿರೋ ಆಲ್ಪ್ಸ್.