ಪ್ರಾಣವಿತ್ತವನ ಹೊಣೆ

ಬೆಂಗಳೂರು ದಂಡಿನ ಬ್ರಿಗೇಡ್ ರಸ್ತೆಯಲ್ಲಿ 1996ನೆಯ ಇಸವಿ ಜುಲೈ ತಿಂಗಳಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲನೆಯ ಅಂಗಡಿಯನ್ನು ತೆರೆಯಿತು. ಕಾಫಿಯ ಜೊತೆಗೆ ಅಲ್ಲಿ ಇಂಟರ್‌ನೆಟ್ಟೂ ದೊರೆಯುತ್ತಿದ್ದಿತು. ಮನೆಯಲ್ಲಿ ಕಂಪ್ಯೂಟರಿಲ್ಲದವರೂ ಹಣ ತೆತ್ತು ಆ ಕಾಣದ ಲೋಕದೊಳಕ್ಕೆ ಇಣಿಕಿ ನೋಡಬಹುದಾಗಿದ್ದಿತು. ಅದೇ ವರ್ಷ ಕಂಪ್ಯೂಟರಿನ ಒಳಗೆ ಒಂದು ವಿಚಿತ್ರ ಸಂತಾನವೂ ಹುಟ್ಟಿತೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದು.

ಜಪಾನಿನಲ್ಲಿ ಆಗ ತಮಾಗೋಚಿ ಎಂಬ ಮೊಟ್ಟೆಯಾಕಾರದ ಆಟಿಕೆ ಬಂದಿತು. ಹೊತ್ತಿಗೆ ಸರಿಯಾಗಿ ಉಣಿಸದಿದ್ದರೆ ಅದರೊಳಗಿನ ಮರಿ ಸಾಯುತ್ತಿದ್ದಿತು. ಇಂಗ್ಲೆಂಡಿನ ಸ್ಟೀವ್ ಗ್ರ್ಯಾಂಡ್ ಎಂಬವರು 'ಕ್ರೀಚರ್ಸ್' ಎಂಬ ಆಟದಲ್ಲಿ ಇನ್ನೂ ಮುಂದೆ ಹೋದರು. ಅದರಲ್ಲಿನ 'ನಾರ್ನ್' ಎಂಬ ಪ್ರಾಣಿಗಳಿಗೆ ಮಿದುಳಿನ ಅನುಕರಣೆಯೊಂದಿದ್ದಿತು, ಹಸಿವಿದ್ದಿತು, ಗಂಡುಹೆಣ್ಣು ಕೂಡಿ ಮೊಟ್ಟೆಯಾದರೆ ತಂದೆತಾಯಿಗಳ ಗುಣ ಮರಿಗೆ ಇಳಿಯುತ್ತಿದ್ದಿತು. ಕೆಲವರು ಈ ಪ್ರಾಣಿಗಳನ್ನು ಹಿಂಸಿಸಿ ಇಂಟರ್‌ನೆಟ್ಟಿನಲ್ಲಿ ಹರಿಯಬಿಟ್ಟರು. ಬೇರೆ ಕೆಲವರು ಅವನ್ನೇ ತರಿಸಿಕೊಂಡು ಆರೈಕೆ ಮಾಡಿದರು. ಎರಡು ಪಕ್ಷಗಳಿಗೂ ಬಿರುಸಾದ ವಾದವೇ ನಡೆಯಿತು.

ಲೆಕ್ಕದ ಸಾಲುಗಳಿಗೆ ನೋವುಂಟೆ ಎಂದು ಓದುಗರು ನಗಬಹುದು. ನಾರ್ನ್ ನೊಂದಿತೆನ್ನಲು ಆಧಾರವಿಲ್ಲವೆಂಬುದು ನಿಜ. ಆದರೆ ದಂಡಿನಲ್ಲೇ ಇರುವ ಪಾಟರಿ ಟೌನಿಗೆ ಗೌರಿಹಬ್ಬದ ಮುಂಚೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಸಾಲುಸಾಲಾಗಿ ಕುಳಿತ ಗಣಪತಿಗಳು ಆ ತನಕ ಬರಿಯ ಮಣ್ಣು. ಮನೆಗೆ ತಂದು ಪ್ರಾಣಪ್ರತಿಷ್ಠೆ ಮಾಡಿದ ಮೇಲೆ ಅದೇ ಮಣ್ಣನ್ನು ತಿಪ್ಪೆಗೆಸೆಯಲು ಯಾರ ಕೈಯೂ ಏಳದು. ಮಣ್ಣಿಗೆ ನೋವಾದೀತೆಂದಲ್ಲ, ಕರೆದವರು ನಾವಾದುದರಿಂದ ಕಳುಹಿಸಿಕೊಡುವ ಹೊಣೆಯೂ ನಮ್ಮದೆಂದು. ಅದಕ್ಕಾಗಿಯೇ ಹಲಸೂರು ಕೆರೆಯ ಕಲ್ಯಾಣಿಯ ಬಳಿ ಜನ ಮೂರ್ತಿಯನ್ನು ಹಿಡಿದು ಸರದಿಗಾಗಿ ಕಾಯುತ್ತಾರೆ.

ಈ ಹೊಣೆಯನ್ನು ಮರೆತರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವಿದೆ. 2003ರಲ್ಲಿ ಆರಂಭವಾದ 'ಸೆಕೆಂಡ್ ಲೈಫ್' ಎಂಬ ಆನ್‌ಲೈನ್ ಲೋಕದಲ್ಲಿ ಓಜಿಮಲ್ಸ್ ಎಂಬ ಸಂಸ್ಥೆ ಮರಿ ಹಾಕುವ ಮೊಲಗಳನ್ನು ಮಾರುತ್ತಿದ್ದಿತು. ಅವುಗಳ ಮೇವೂ ಆ ಸಂಸ್ಥೆಯದೇ. ಮೇವು ಜೀರ್ಣವಾಗಬೇಕಾದರೆ ಅದರ ಸರ್ವರ್ ನಡೆಯುತ್ತಿರಬೇಕು. ಕಾನೂನಿನ ತಕರಾರೊಂದರಿಂದ 2017ರ ಮೇ ತಿಂಗಳಲ್ಲಿ ಸಂಸ್ಥೆ ಬಾಗಿಲು ಹಾಕಿತು. ಮೇವಿಲ್ಲದೆ ಬದುಕುವ ಸೌಲಭ್ಯವನ್ನು ಮೊದಲೇ ಕೊಂಡಿದ್ದವರ ಮೊಲಗಳು ಉಳಿದವು. ಮಿಕ್ಕವು ಏಳದ ನಿದ್ರೆಗೆ ಸಂದವು. ಸಾಕಿದವರು ಮರುಗಿದರು.

ಮೊಲಗಳಿಗೇನೂ ತಿಳಿದಿರಲಾರದು. ಆದರೆ ಹುಟ್ಟಿನಿಂದ ಲಾಭ ಪಡೆಯುವವರು ಕೊನೆಯ ವಿಚಾರವನ್ನೂ ಮೊದಲೇ ಮಾಡಿರಬೇಕಾಗಿದ್ದಿತು. ಇಂದು ನಮ್ಮ ನಗರದಲ್ಲಿ ಎಷ್ಟೋ ಯುವಕರು ಮಾತನಾಡುವ ಯಂತ್ರಗಳನ್ನು ಕಟ್ಟುತ್ತಿದ್ದಾರೆ. ಅವುಗಳಲ್ಲಿ ಎಂದಾದರೂ ನಿಜವಾದ ನೋವು ಮೂಡಿದರೆ, ಆ ದಿನ ಹೊಸದಾಗಿ ದಯೆಯನ್ನು ಕಲಿಯಲು ಪುರಸತ್ತಿರದು. ಈಗಿನ ನೋವರಿಯದ ಪ್ರಾಣಿಗಳೊಡನೆಯೇ ಅದನ್ನು ರೂಢಿಸಿಕೊಳ್ಳುವುದು ಮೇಲು.